ಭವ್ಯಳ ಕಾರ್ಡಿಗೆ ಒಂದು ಹೊಸ ಡಿಸ್ಕು

ಹೊಳೆನರಸೀಪುರ
೧೭-೧-೨೦೨೫, ಶುಕ್ರವಾರ ಮಧ್ಯಾಹ್ನ

ಚಿ. ಸೌ. ಭವ್ಯಶ್ರೀಗೆ,

ನಿನ್ನ ಅತ್ತೆಯ ಆಶೀರ್ವಾದ. ಅತ್ತೆ ಅಂತಲೇ ಬರೆದಿದ್ದೇನೆ, ಹುಬ್ಬೇರಿಸಬೇಡ. ಕೋರ್ಟಿನವರು ನಿನ್ನನ್ನೂ ನನ್ನ ಮಗ ದಿಲೀಪನನ್ನೂ ಬೇರೆ ಮಾಡಿದರು, ಸರಿ. ನಿನ್ನನ್ನೂ ನನ್ನನ್ನೂ ಬೇರೆ ಮಾಡಿ ಅಂತ ಯಾರೂ ಅರ್ಜಿ ಹಾಕಿರಲಿಲ್ಲವಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಹಿಡಿದರೆ ನೀನು ಮೂಗು ಒರೆಸಿಕೊಳ್ಳುತ್ತೀಯ, ನಾನೂ ಒರೆಸಿಕೊಳ್ಳುತ್ತೇನೆ, ಕೊನೆಗೆ ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡುತ್ತೇವೆ. ಹೇಳಬೇಕಾದ್ದು ಹಾಗೇ ಉಳಿದುಹೋಗುತ್ತದೆ. ಅದಕ್ಕೇ ಕಾಗದ. ಕೈಬರಹ ಕೆಟ್ಟಿದೆ, ನಗಬೇಡ. ಟೈಪ್ ಮಾಡೋಣವೆಂದರೆ ನಮ್ಮ ಕಂಪ್ಯೂಟರು ಬೆಳಿಗ್ಗೆಯಿಂದ ಹಳೇ ಡಿಸ್ಕಿನ ಸಾಮಾನನ್ನೆಲ್ಲ ಹೊಸ ಡಿಸ್ಕಿಗೆ ಸಾಗಿಸುತ್ತಾ ಕೂತಿದೆ. ಪರದೆಯ ಮೇಲೆ ಒಂದು ಹಸಿರು ಗೆರೆ ತುಂಬು ಬಸುರಿಯ ಹಾಗೆ ನಿಧಾನಕ್ಕೆ ಹೆಜ್ಜೆ ಹಾಕುತ್ತಿದೆ. ಅದು ಆ ತುದಿ ಮುಟ್ಟುವವರೆಗೆ ಏನನ್ನೂ ಒತ್ತಬೇಡಿ ಅಂತ ತಾಕೀತಾಗಿದೆ. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕಾವಲು ಕೂತಿದ್ದೇನೆ.

ಮೊದಲು ಮುಖ್ಯ ವಿಷಯ. ಹೋದ ವಾರ ನೀನು ಫೋನ್ ಮಾಡಿ, ನಿಮ್ಮ ಶಾಲೆಯ ಚಲುವರಾಜು ಮೇಷ್ಟ್ರ ಜೊತೆ ಮದುವೆ ಗೊತ್ತಾಯಿತು, ಚನ್ನರಾಯಪಟ್ಟಣದಲ್ಲೇ ಸಣ್ಣ ಛತ್ರ, ಕಾರ್ಡು ಮಾತ್ರ ನಿಮ್ಮ ಕೈಯಿಂದಲೇ ಆಗಬೇಕು ಅತ್ತೆ ಅಂದಾಗ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅದೆಷ್ಟು ಸಂತೋಷವಾಯಿತು ಅಂದರೆ ಆ ಹೊತ್ತಿಗೆ ಬಾಗಿಲಿಗೆ ಬಂದ ಸೊಪ್ಪಿನವಳಿಗೂ ಹೇಳಿಬಿಟ್ಟೆ. ಆಮೇಲೆ ನೀನು ದನಿ ಇಳಿಸಿ ಇನ್ನೊಂದು ಮಾತು ಸೇರಿಸಿದೆ. ಅಪ್ಪ ಹೆಸರು ಹಾಕಿಸಿಕೊಳ್ಳುವುದಿಲ್ಲವಂತೆ, ಮೇಲಿನ ಸಾಲು ಬಿಟ್ಟುಬಿಡಿ, ಗಂಡಿನ ಕಡೆಯವರ ಹೆಸರೊಂದೇ ಸಾಕು ಅಂತ. ನಿಮ್ಮಪ್ಪ ಕಾಂತರಾಜು ಬೀಗರು ಆಡಿದ ಮಾತನ್ನೂ ಹಾಗೇ ಒಪ್ಪಿಸಿದೆ. ‘ಎಲ್ಡ್ನೇ ಮದ್ವೆಗೆ ಕಾರ್ಡ್ ಬ್ಯಾರೆ ಕೇಡು. ದೇವಸ್ಥಾನದಲ್ಲಿ ಆರ ಹಾಕ್ಕಂಡ್ ಬನ್ನಿ. ನನ್ನೆಸ್ರು ಮಾತ್ರ ಎಲ್ಲೂ ತರ್ಬ್ಯಾಡಿ.’

ಅವರ ಮೇಲೆ ನನಗೆ ಬಂದ ಕೋಪ ಇನ್ನೂ ಇಳಿದಿಲ್ಲ ಕಣೆ. ನಿಮ್ಮಮ್ಮ ಇದ್ದಿದ್ದರೆ ಹಾಗೆ ಆಡಲು ಬಿಡುತ್ತಿದ್ದರೇ? ಮೇಲಿನ ಸಾಲು ಅಂದರೆ ಏನೆಂದು ಕಾರ್ಡು ಮಾಡುವ ನಮಗಿಂತ ಇನ್ನಾರಿಗೆ ಗೊತ್ತು! ಇಂಥವರು ಮಾಡುವ ವಿಜ್ಞಾಪನೆಗಳು, ನಮ್ಮ ಮಗಳ ಮದುವೆಗೆ ಬನ್ನಿ ಅಂತ ಹೆತ್ತವರು ಕರೆಯುವ ಜಾಗ ಅದು. ಅದು ಖಾಲಿ ಇರುವ ಕಾರ್ಡು ಕೈಗೆ ಬಂದರೆ ಜನ ಮುಹೂರ್ತ ನೋಡುವುದಿಲ್ಲ, ಛತ್ರ ಯಾವುದು ಅಂತಲೂ ನೋಡುವುದಿಲ್ಲ. ಈ ಹೆಣ್ಣಿಗೆ ಹಿಂದೆ ಮುಂದೆ ಯಾರೂ ಇಲ್ಲವೇ ಅಂತ ನೋಡುತ್ತಾರೆ. ಆ ಖಾಲಿ ಸಾಲಿನ ಯೋಚನೆಯಲ್ಲಿ ನನಗೆ ಅನ್ನ ಸೇರಿಲ್ಲ.

ಇರಲಿ, ಕಂಪ್ಯೂಟರಿನ ಕತೆ ಕೇಳು. ನೀನು ಫೋನ್ ಮಾಡಿದ ಮಾರನೇ ದಿನ ಸ್ನಾನ ಮಾಡಿ, ದೀಪ ಹಚ್ಚಿ, ಸ್ವಿಚ್ಚು ಒತ್ತಿದರೆ ಟಕ್ ಟಕ್ ಟಕ್. ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ. ಪರದೆ ನೀಲಿಯಾಯಿತು, ಬಿಳೀ ಅಕ್ಷರದಲ್ಲಿ ಏನೇನೋ ಬೈಯಿತು, ಆರಿಹೋಯಿತು. ಹಾಸನದ ಕೀರ್ತಿರಾಜನಿಗೆ ಫೋನ್ ಮಾಡಿದೆ. ಗೊತ್ತಲ್ಲ, ಬಸ್ ಸ್ಟ್ಯಾಂಡ್ ಹಿಂದೆ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ, ನೀನೇ ಪರಿಚಯ ಮಾಡಿಸಿದ್ದು. ಫೋನಿನಲ್ಲೇ ಆ ಸದ್ದು ಕೇಳಿಸಿಕೊಂಡು, ‘ಹಾರ್ಡ್ ಡಿಸ್ಕ್ ಓಯ್ತಾ ಅದೆ ಕಣಮ್ಮಾ, ಪೂರ್ತಿ ಕಣ್ಣು ಮುಚ್ಚೋದ್ರೊಳಗೆ ತಗಂಡ್ ಬನ್ನಿ’ ಅಂದ. ಮನುಷ್ಯರ ವಿಷಯ ಹೇಳಿದ ಹಾಗೆ ಹೇಳಿಬಿಟ್ಟ.

ಸಂಕ್ರಾಂತಿ ಕಳೆಯಲಿ ಅಂತ ಕಾದು, ನಿನ್ನೆ ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಗಂಟು ಕಟ್ಟಿ, ತೊಡೆಯ ಮೇಲೆ ಇಟ್ಟುಕೊಂಡು ಹಾಸನದ ಬಸ್ಸಿನಲ್ಲಿ ಕೂತೆ. ಕಂಡಕ್ಟರು ಬಂದ. ‘ಅಮ್ಮ, ಎಂಗಸ್ರಿಗೆ ಫ್ರೀ. ಈ ಗಂಟಿಗೆ ಫ್ರೀ ಇಲ್ಲ, ಲಗೇಜ್ ತಗಬೇಕು’ ಅಂದ. ಇದೂ ಹೆಣ್ಣೇ ಕಣಪ್ಪ, ಇದರಲ್ಲೇ ಊರಿನ ಮದುವೆಯೆಲ್ಲ ಆಗಿರೋದು ಅಂದೆ. ಬಸ್ಸೆಲ್ಲ ನಕ್ಕಿತು, ಆದರೂ ಲಗೇಜ್ ಹರಿದೇ ಕೊಟ್ಟ ಆ ಪುಣ್ಯಾತ್ಮ. ಮೊಸಳೆಹೊಸಹಳ್ಳಿಯಲ್ಲಿ ಹತ್ತಿದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು ಗಂಟನ್ನೇ ದಿಟ್ಟಿಸಿ, ‘ಮಿಕ್ಸಿನಾ ಅಕ್ಕಾ?’ ಅಂತ ಕೇಳಿದಳು. ಹೌದು ಅಂದುಬಿಟ್ಟೆ. ಹಾಸನದವರೆಗೂ ಅವಳ ಮನೆಯ ಮಿಕ್ಸಿಯ ಜಾರು ಒಡೆದ ಕತೆ ಕೇಳಿಸಿಕೊಂಡು ಹೋದೆ.

ಕೀರ್ತಿರಾಜ ಗಂಟು ಬಿಚ್ಚಿ ನೋಡಿ ತಲೆ ಮೇಲೆ ಕೈ ಇಟ್ಟ. ‘ಇದುನ್ನ ಮ್ಯೂಸಿಯಮ್ಮಿಗೆ ಕೊಡಿ ಅಮ್ಮಾ, ಒಂದ್ ಲ್ಯಾಪ್‌ಟಾಪ್ ತಗಳಿ.’ ನನ್ನ ಬೆರಳಿಗೆ ಗೊತ್ತಿರೋದು ಈ ಕೀಲಿಮಣೆ, ಈ ಕನ್ನಡ ಸಾಫ್ಟ್‌ವೇರು, ಇನ್ನೊಂದು ಕಲಿಯುವ ವಯಸ್ಸಲ್ಲ ಅಂದೆ. ಹಾಗಾದರೆ ಡಿಸ್ಕು ಹೊಸದು ಹಾಕಿ ಎಲ್ಲ ಮೊದಲಿಂದ ತುಂಬಬೇಕು, ಕನ್ನಡದ್ದು ಎಲ್ಲಿದೆ ಅಂದ. ಚೀಲದಿಂದ ನಿನ್ನ ಸಿ.ಡಿ. ಡಬ್ಬ ತೆಗೆದೆ. ಒಂದೊಂದರ ಮೇಲೂ ಮಾರ್ಕರಿನಲ್ಲಿ ನಿನ್ನ ದುಂಡು ಅಕ್ಷರ: ಗಣಪತಿ ಚಿತ್ರ, ಬಾರ್ಡರು, ಹೂಬಳ್ಳಿ, ಕನ್ನಡ ಅಕ್ಷರ. ‘ಈಗ್ ಯಾರಮ್ಮ ಸೀಡಿ ಹಾಕ್ತಾರೆ!’ ಅಂತ ಅವನು. ನಾವು ಹಾಕುತ್ತೇವಪ್ಪ ಅಂತ ನಾನು.

ಹಾಕಲು ಹೋದರೆ ಸಿ.ಡಿ. ಡ್ರೈವಿನ ಟ್ರೇ ಬಾಯಿಯೇ ಬಿಡಲಿಲ್ಲ. ನೀನಿದ್ದಾಗ ಸೀರೆಯ ಪಿನ್ನನ್ನು ಆ ಸಣ್ಣ ತೂತಿಗೆ ಚುಚ್ಚಿ ತೆಗೆಯುತ್ತಿದ್ದೆಯಲ್ಲ, ಅದಕ್ಕೂ ಜಗ್ಗಲಿಲ್ಲ. ಕೊನೆಗೆ ಅವನು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದ. ಏನು ಬಿತ್ತು ಹೇಳು? ಅಕ್ಷತೆ! ಹಳದಿ ಅಕ್ಕಿಕಾಳು, ಜೊತೆಗೆ ಕರಕಲಾದ ಚೆಂಡುಹೂವಿನ ಎಸಳು. ‘ಇದೇನಮ್ಮ, ಕಂಪ್ಯೂಟರಿಗೆ ಮದ್ವೆ ಮಾಡಿದ್ರಾ?’ ಅಂದ.

ನನಗೆ ಆ ಆಯುಧಪೂಜೆ ಕಣ್ಣಿಗೆ ಕಟ್ಟಿತು. ನೀನು ಬಂದ ವರ್ಷ. ಕಂಪ್ಯೂಟರಿಗೆ ವಿಭೂತಿ ಬಳಿದು ಕುಂಕುಮ ಇಟ್ಟು, ಹೂವು ಎಲ್ಲಿ ಮುಡಿಸುವುದು ಅಂತ ತಡವಿದಾಗ ನನ್ನ ಬೆರಳು ಗುಂಡಿಗೆ ತಾಗಿ ಟ್ರೇ ಆಚೆ ಬಂತಲ್ಲ. ಪ್ರಸಾದಕ್ಕೆ ಕೈ ಚಾಚಿದ ಹಾಗೆ ಬಂತು, ನಾನೇನು ಮಾಡಲಿ! ಅಕ್ಷತೆ ಹಾಕಿದೆ, ಹೂವು ಇಟ್ಟೆ, ಕೈ ಮುಗಿದೆ. ಅದು ಎಲ್ಲವನ್ನೂ ತೆಗೆದುಕೊಂಡು ಒಳಗೆ ಹೋಯಿತು. ನೀನು ಅಡುಗೆಮನೆಯಿಂದ ಬಂದವಳು ನೋಡಿ, ನೆಲಕ್ಕೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೊಸ ಸೊಸೆ, ಅತ್ತೆಯ ಮುಂದೆ ಹಾಗೆ ನಗಬಹುದಾ ಅಂತ ನಿನಗೆ ಆಮೇಲೆ ಹೆದರಿಕೆಯಾಯಿತು. ನಾನೂ ನಗಲು ಶುರು ಮಾಡಿದ ಮೇಲೆ ಹೋಯಿತು ಆ ಹೆದರಿಕೆ. ಈ ಮನೆಯಲ್ಲಿ ನಿನಗೂ ನನಗೂ ಸ್ನೇಹವಾಗಿದ್ದು ಅವತ್ತೇ ಅಂತ ನಾನು ತಿಳಿದುಕೊಂಡಿದ್ದೇನೆ.

ಅಂತೂ ಅವನು ಆ ಡ್ರೈವು ತೆಗೆದು ಹೊಸ ಡಿ.ವಿ.ಡಿ. ಡ್ರೈವು ಹಾಕಿದ. ಹಳೆಯದಕ್ಕೆ ಜಡೆಗೆ ಕಟ್ಟುವ ರಿಬ್ಬನ್ನಿನ ಹಾಗೆ ಅಗಲವಾದ ಪಟ್ಟಿ ಇತ್ತಲ್ಲ, ಈಗಿನದಕ್ಕೆ ಸಣ್ಣ ಕೆಂಪು ವೈರು. ನಮ್ಮ ಬೋರ್ಡಿನಲ್ಲಿ ಅಂಥ ಸಣ್ಣ ವೈರಿಗೆ ಎರಡೇ ಜಾಗ. ಒಂದು ಡ್ರೈವಿಗೆ, ಒಂದು ಹೊಸ ಡಿಸ್ಕಿಗೆ. ಆ ಹೊಸ ಡಿಸ್ಕು ನೋಡಬೇಕು ನೀನು! ಬೆಂಕಿಪೊಟ್ಟಣದಷ್ಟೂ ಭಾರವಿಲ್ಲ. ಹಳೆಯದು ಇದ್ದ ಜಾಗಕ್ಕೆ ಇದು ಚಿಕ್ಕದು, ಅಲ್ಲಾಡುತ್ತದೆ ಅಂತ ಒಂದು ತಗಡಿನ ಚೌಕಟ್ಟಿಗೆ ಕೂರಿಸಿ ಬಿಗಿದ. ಹಳೆಯದನ್ನು ಅದರ ಅಗಲ ಪಟ್ಟಿಗೇ ಸಿಕ್ಕಿಸಿ ಪಕ್ಕದಲ್ಲಿ ಮಲಗಿಸಿದ. ನಿನ್ನ ಸಿ.ಡಿ. ಹಾಕಿ ಕನ್ನಡ ಅಕ್ಷರ ತುಂಬಿದ. ಅದು ಒಂದೇ ಏಟಿಗೆ ಓಡಿತು ಭವ್ಯಾ, ಒಂದು ಗೀರೂ ಇರಲಿಲ್ಲ, ಅಷ್ಟು ಜೋಪಾನ ಮಾಡಿದ್ದೀಯ. ಹಳೇ ಕಾರ್ಡುಗಳನ್ನೆಲ್ಲ ಇದರಿಂದ ಅದಕ್ಕೆ ಎಳೆದು ಬಿಡಿ, ಹೊತ್ತು ಹಿಡಿಯುತ್ತೆ, ಅದು ಮನೆಯಲ್ಲೇ ಆಗಲಿ ಅಂತ ತೋರಿಸಿಕೊಟ್ಟು ಕಳಿಸಿದ.

ಈಗ ಸ್ವಿಚ್ಚು ಒತ್ತಿ ಸೆರಗು ಸರಿ ಮಾಡಿಕೊಳ್ಳುವಷ್ಟರಲ್ಲಿ ಕಂಪ್ಯೂಟರು ರೆಡಿ. ಮೊದಲು ನಾವು ಸ್ವಿಚ್ಚು ಒತ್ತಿ, ಕಾಫಿಗೆ ಹಾಲು ಇಟ್ಟು, ಲೋಟ ತೊಳೆದು, ಕಾಫಿ ಹಿಡಿದು ಬಂದು ಕೂತರೂ ಅದು ಗುಂಯ್ ಅನ್ನುತ್ತಲೇ ಇರುತ್ತಿತ್ತು. ಊರ ಮಾತೆಲ್ಲ ನಾವು ಆಡಿ ಮುಗಿಸುತ್ತಿದ್ದದ್ದು ಆ ಹೊತ್ತಿನಲ್ಲೇ. ಹೊಸದರಲ್ಲಿ ತಿರುಗುವುದು ಏನೂ ಇಲ್ಲವಂತೆ, ಸದ್ದೇ ಇಲ್ಲ. ಒಳ್ಳೆಯದೇ. ಆದರೆ ಬೆಳಿಗ್ಗೆ ಅದರ ಮುಂದೆ ಕೂತಾಗ ಮನೆ ಬಿಕೋ ಅಂದಿತು.

ಹಸಿರು ಗೆರೆಯ ಕೆಳಗೆ ಹೆಸರುಗಳು ಓಡುತ್ತಿವೆ. ಕೆಂಚಯ್ಯ ಗೃಹಪ್ರವೇಶ. ಶೋಭಿತಾ ನಾಮಕರಣ. ಈಗ ನಂಜಪ್ಪನ ಮಗಳು ಹೋದಳು ನೋಡು! ಅವಳ ಕಾರ್ಡು ಮರೆಯುತ್ತೀಯಾ? ನಮ್ಮ ಕಸುಬೇ ಹಾಗಲ್ಲವೇ, ಹಿಂದಿನ ಮದುವೆಯ ಫೈಲು ತೆಗೆಯುವುದು, ಅದರ ಮೇಲೇ ಹೆಸರು ಬದಲಾಯಿಸುವುದು. ಹೆಣ್ಣು ಬದಲಾಯಿತು, ಗಂಡು ಬದಲಾಯಿತು, ಛತ್ರ ಬದಲಾಯಿತು. ಗಂಡಿನ ತಾಯಿಯ ಹೆಸರು ಮಾತ್ರ ಹಿಂದಿನ ಮದುವೆಯದೇ ಉಳಿದು ಅಚ್ಚಾಗಿ ಬಂತು. ನಂಜಪ್ಪ ಬಾಗಿಲಲ್ಲಿ ನಿಂತು ‘ಇದ್ಯಾರಿದು, ನಮ್ ಬೀಗಿತ್ತಿನ ಬದ್ಲಾಯಿಸ್ಬುಟ್ರಾ?’ ಅಂತ ಕೂಗಿದ್ದು! ಆ ಕಾರ್ಡುಗಳನ್ನೆಲ್ಲ ನಡುಮನೆಯಲ್ಲಿ ಹರಡಿಕೊಂಡು, ಸರಿ ಹೆಸರಿನ ಸಣ್ಣ ಚೀಟಿ ಕತ್ತರಿಸಿ, ಗೋಂದು ಹಚ್ಚಿ ಒಂದೊಂದಕ್ಕೂ ಅಂಟಿಸಿದೆವು. ದಿಲೀಪನೂ ಕೂತಿದ್ದ ಅವತ್ತು. ಅವನ ಬೆರಳಿಗೆ ಬೀಗಿತ್ತಿ ಅಂಟಿಕೊಂಡು ಬಿಡದೆ, ನೀನು ಅವನ ಕೈ ಹಿಡಿದು ಬಿಸಿನೀರಿನಲ್ಲಿ ಅದ್ದಿದೆ. ಇಬ್ಬರೂ ನಗುತ್ತಿದ್ದಿರಿ. ಇವರು ಚೆನ್ನಾಗಿ ಬಾಳುತ್ತಾರೆ ಅಂತ ನಾನು ಅಂದುಕೊಂಡೆ.

ಬಾಳಲಿಲ್ಲ. ಅವನು ನನ್ನ ಮಗ, ಅವನ ಬಗ್ಗೆ ಕೆಟ್ಟದ್ದು ಬರೆಯಲು ಕೈ ಬರುವುದಿಲ್ಲ. ನಿನಗೆ ಮಾಡಿದ್ದನ್ನು ನೆನೆದರೆ ಒಳ್ಳೆಯದು ಬರೆಯಲೂ ಬರುವುದಿಲ್ಲ. ರಾಮನಾಥಪುರದಲ್ಲಿ ಹೊಗೆಸೊಪ್ಪಿನ ವ್ಯಾಪಾರ ಅಂತ ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡ. ಈಗ ಅವನ ಮಗಳು ಧನ್ಯಾಗೆ ಶಾಲೆಗೆ ಹೋಗುವ ವಯಸ್ಸು. ಭಾನುವಾರ ಕರೆದುಕೊಂಡು ಬರುತ್ತಾನೆ. ಅವಳು ನನ್ನ ತೊಡೆಯ ಮೇಲೆ ಕೂತು ಕೀಲಿಮಣೆ ಕುಟ್ಟುತ್ತಾಳೆ. ಮಗುವಿನ ಮೇಲೆ ನನಗೆ ಪ್ರಾಣ, ಅದನ್ನು ನಿನ್ನಿಂದ ಮುಚ್ಚಿಟ್ಟು ಏನು ಮಾಡಲಿ.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. ಆ ಮೇಲಿನ ಸಾಲಿನಲ್ಲಿ ನನ್ನ ಹೆಸರು ಹಾಕಲಾ?

ಗಾಬರಿಯಾಗಬೇಡ, ಪೂರ್ತಿ ಓದು. ಜನ ಏನನ್ನುತ್ತಾರೆ ಅಂತ ನನಗೆ ಗೊತ್ತು. ಹಳೇ ಅತ್ತೆ ಹಳೇ ಸೊಸೆಯನ್ನು ಧಾರೆ ಎರೆದು ಕೊಡುವುದಂತೆ, ಎಲ್ಲಾದರೂ ಉಂಟಾ ಅನ್ನುತ್ತಾರೆ. ಅದರ ಮೇಲೆ ಗಂಡನಿಲ್ಲದವಳು ಬೇರೆ. ನಿನ್ನದೂ ದಿಲೀಪನದೂ ಮದುವೆಯಾದಾಗ, ಗಂಡ ಹೋದವಳ ಹೆಸರು ಮೇಲೆ ಬೇಡ ಅಂತ ನಮ್ಮ ಯಜಮಾನರ ಅಣ್ಣ ಚನ್ನಪ್ಪ ಭಾವನವರ ಹೆಸರಿನಲ್ಲಿ ಕಾರ್ಡು ಹೊಡೆಸಿದರು. ಹೆತ್ತವಳು ನಾನು, ಕೆಳಗೆ ಸಣ್ಣಕ್ಷರದ ಗುಂಪಿನಲ್ಲಿದ್ದೆ. ಅವತ್ತು ನಾನು ಬಾಯಿ ಬಿಡಲಿಲ್ಲ. ಆಮೇಲೆ ನೀನು ಟೈಪಿಂಗ್ ಕಲಿಸಿದೆ, ಈ ತಾಲ್ಲೂಕಿನ ಅದೆಷ್ಟೋ ಜನರನ್ನು ನಾನು ಮೇಲಿನ ಸಾಲಿನಲ್ಲಿ ಕೂರಿಸಿದೆ, ದಪ್ಪ ಅಕ್ಷರದಲ್ಲಿ, ನಡುಮಧ್ಯಕ್ಕೆ. ಒಂದು ಸಲವಾದರೂ ಅಲ್ಲಿ ನನ್ನ ಹೆಸರನ್ನು ನೋಡಬೇಕು ಅಂತ ನನಗೂ ಆಸೆಯಿದೆ. ಎಲ್ಲವೂ ನಿನಗೋಸ್ಕರವೇ ಅಂತ ದೊಡ್ಡಸ್ತಿಕೆ ಕೊಚ್ಚುವುದಿಲ್ಲ.

ಆದರೆ ನಿನ್ನನ್ನು ಕರೆತಂದಾಗ ನಿಮ್ಮಪ್ಪನ ಕೈಯಿಂದ ನಿನ್ನ ಕೈ ಹಿಡಿದುಕೊಂಡವಳು ನಾನು. ನನ್ನ ಮಗ ಬಿಟ್ಟ ಅಂತ ನಾನೂ ಬಿಟ್ಟರೆ ಹೇಗೆ? ನಿನ್ನನ್ನು ದಿಕ್ಕಿಲ್ಲದವಳ ಹಾಗೆ ಕಳಿಸಿದರು ಅನ್ನಿಸಿಕೊಳ್ಳಲು ನನಗೆ ಆಗುವುದಿಲ್ಲ. ಕರೆಯುವವರಿದ್ದಾರೆ, ಊಟಕ್ಕೆ ಏಳಿ ಅಂತ ಉಪಚಾರ ಮಾಡುವವರಿದ್ದಾರೆ ಅಂತ ನಾಲ್ಕು ಜನಕ್ಕೆ ಗೊತ್ತಾಗಬೇಕು. ನೀನು ಒಪ್ಪಿದರೆ ಖಾಲಿ ಪುಟ ತೆಗೆದು ಮೊದಲಕ್ಷರದಿಂದ ಟೈಪ್ ಮಾಡುತ್ತೇನೆ. ಯಾರ ಮದುವೆಯ ಫೈಲನ್ನೂ ನಿನಗೆ ತೆಗೆಯುವುದಿಲ್ಲ. ಚಲುವರಾಜು ಮೇಷ್ಟ್ರನ್ನೂ ಅವರ ತಾಯಿಯನ್ನೂ ಒಂದು ಮಾತು ಕೇಳು. ಅವರಿಗೆ ಮುಜುಗರವಾದರೆ ನನಗೆ ಬೇಜಾರಿಲ್ಲ, ಕೆಳಗೆ ಎಲ್ಲಾದರೂ ಇರುತ್ತೇನೆ, ನನಗೆ ಅಭ್ಯಾಸವಿದೆ.

ದಿಲೀಪ ಸಂಕ್ರಾಂತಿಗೆ ಬಂದಿದ್ದ. ಹೀಗೆ ಮಾಡಬೇಕು ಅಂತಿದ್ದೇನೆ ಕಣಪ್ಪ ಅಂತ ಅವನಿಗೂ ಹೇಳಿದೆ. ಏನೂ ಅನ್ನಲಿಲ್ಲ. ಊಟ ಮಾಡಿ ಹೋದ. ಅವನ ಚಿಂತೆ ನೀನು ಮಾಡಬೇಡ.

ಎಳ್ಳು ಬೆಲ್ಲ, ಸಕ್ಕರೆ ಅಚ್ಚು ನಿನ್ನ ಪಾಲಿನದು ತೆಗೆದಿಟ್ಟಿದ್ದೇನೆ. ಅಚ್ಚಿನಲ್ಲಿ ಒಂದು ಗಿಳಿಯ ಕೊಕ್ಕು ಮುರಿದಿದೆ, ಧನ್ಯಾಳ ಕೆಲಸ. ಹಸಿರು ಗೆರೆ ಆ ತುದಿ ಮುಟ್ಟಿತು ನೋಡು, ಎಲ್ಲ ಬಂತು ಅನ್ನುತ್ತಿದೆ. ಒಂದೆರಡು ಮದುವೆ ಮಾತ್ರ ಓದಲು ಆಗಲಿಲ್ಲವಂತೆ. ಹೋಗಲಿ, ಅವರಿಗೆಲ್ಲ ಮಕ್ಕಳಾಗಿ ಎಷ್ಟೋ ಕಾಲವಾಯಿತು. ನಿನ್ನ ಉತ್ತರಕ್ಕೆ ಕಾದಿರುತ್ತೇನೆ.

ಮನಸ್ಸು ತುಂಬಾ ಹರಸುವ
ನಿನ್ನ ಅತ್ತೆ
ಅನಸೂಯಮ್ಮ

ಮತ್ತೆ ಸೇರಿಸಿದ್ದು, ಬುಧವಾರ:

ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕದೆ ಇಷ್ಟು ದಿನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಕಾರಣ ಇದೆ. ಮೇಲೆ ಬರೆದದ್ದರಲ್ಲಿ ಎರಡು ಮಾತು ನಿಜವಲ್ಲ.

ದಿಲೀಪ ಏನೂ ಅನ್ನಲಿಲ್ಲ ಅಂತ ಬರೆದೆನಲ್ಲ, ಅಂದ. ತಟ್ಟೆ ತಳ್ಳಿ ಎದ್ದ. ‘ನಿಂಗೆ ಅವ್ಳೇ ಎಚ್ಚಾದ್ರೆ ಅವ್ಳತ್ರನೇ ಇರು. ಆ ಕಾರ್ಡಲ್ಲಿ ನಿನ್ನೆಸ್ರು ಬತ್ತು ಅಂದ್ರೆ ಧನ್ಯಾನ ಈ ವಸ್ಲು ತುಳಿಸಕಿಲ್ಲ’ ಅಂದ. ಸಿಟ್ಟಿನ ಮಾತು, ಇಳಿಯುತ್ತೆ ಅಂದುಕೊಂಡೆ. ಮೊನ್ನೆ ಭಾನುವಾರ ಮಗು ಬರಲಿಲ್ಲ. ಸಾಯಂಕಾಲದವರೆಗೂ ಬಾಗಿಲಲ್ಲಿ ನಿಂತು ನೋಡಿದೆ. ತುಂಬಾ ಅಳು ಬಂತು ಭವ್ಯಾ. ಅತ್ತು, ಮುಖ ತೊಳೆದುಕೊಂಡು ಬಂದು, ಖಾಲಿ ಪುಟ ತೆಗೆದೆ.

ಎರಡನೆಯದು, ನಿನ್ನ ಉತ್ತರಕ್ಕೆ ಕಾಯುತ್ತೇನೆ ಅಂದದ್ದು. ಕಾಯಲಿಲ್ಲ. ನೀನು ಬೇಡ ಅಂದುಬಿಟ್ಟರೆ ಅಂತ ಹೆದರಿಕೆಯಾಯಿತು. ಮೇಷ್ಟ್ರ ತಾಯಿಗೆ ನಾನೇ ಫೋನ್ ಮಾಡಿ ಕೇಳಿದೆ, ಧಾರಾಳವಾಗಿ ಹಾಕಿಸಿ ಅಂದರು ಆ ದೊಡ್ಡ ಮನಸ್ಸಿನ ಹೆಂಗಸು. ಸೋಮವಾರ ಅಚ್ಚಿಗೆ ಕೊಟ್ಟು ಮಂಗಳವಾರ ತಂದೆ. ಒಂದು ಕಾರ್ಡು ಇದರೊಳಗಿದೆ. ‘ಶ್ರೀಮತಿ ಅನಸೂಯಮ್ಮನವರು ಮಾಡುವ ವಿಜ್ಞಾಪನೆಗಳು’ ಅಂತ ಮೇಲಿದೆ. ಅದರ ಕೆಳಗೆ ನಿನ್ನ ಹೆಸರಿನ ಹಿಂದೆ ಏನು ಹಾಕುವುದು ಅಂತ ಬಹಳ ಹೊತ್ತು ಕೂತಿದ್ದು, ‘ನಮ್ಮ ಮಗಳು’ ಅಂತ ಹಾಕಿದೆ.

ಮೊದಲ ಕಾರ್ಡನ್ನು ಇವತ್ತು ಬೆಳಿಗ್ಗೆ ಅರಕಲಗೂಡಿಗೆ ಹೋಗಿ ನಿಮ್ಮಪ್ಪನ ಕೈಗೇ ಕೊಟ್ಟೆ. ಎಲೆ ಅಡಿಕೆ ಇಟ್ಟು, ನಮ್ಮ ಮಗಳ ಮದುವೆ, ತಾವು ಬಂದು ನಡೆಸಿಕೊಡಬೇಕು ಬೀಗರೇ ಅಂದೆ. ಕನ್ನಡಕ ಹಾಕಿಕೊಂಡು ಓದಿದರು. ಕೆಳಗಿನವರೆಗೂ ಓದಿ, ಮತ್ತೆ ಮೇಲಿನ ಸಾಲಿಗೆ ಬಂದು ಅಲ್ಲೇ ಬೆರಳಿಟ್ಟುಕೊಂಡು ಕೂತರು. ನಾನು ಕಾಫಿ ಕುಡಿದು ಮುಗಿಸಿದೆ. ಇನ್ನೇನು ಬರುತ್ತೇನೆ ಅಂತ ಎದ್ದು ಚಪ್ಪಲಿ ಮೆಟ್ಟುವಾಗ ಹಿಂದಿನಿಂದ, ‘ಧಾರೆ ಎರಿಯೋರು ಇಂದಿನ್ ದಿನ್ವೇ ಬರ್ಬೇಕಾ ಬೀಗಿತ್ತೀ, ಇಲ್ಲ ಬೆಳಿಗ್ಗೆ ಬಸ್ಸಿಗೆ ಬಂದ್ರೆ ಆಯ್ತದಾ?’ ಅಂದರು.

ಹಿಂದಿನ ದಿನವೇ ಬನ್ನಿ ಅಂದೆ.